ವಿಜೆಟ್ಟೋ, ರಿಪೇರಿಯೋ, ಹೊಸ ಸೈಟೋ: ಎಲ್ಲರೂ ಬಳಸುವ ವೆಬ್‌ಸೈಟಿಗೆ ಯಾವ ದಾರಿ?

ಮಂಗಳೂರು, ಉಡುಪಿ ಕಡೆ ಈಗ ಸಣ್ಣ ಸಣ್ಣ ಸಂಸ್ಥೆಗೂ ವೆಬ್‌ಸೈಟ್ ಇದೆ. ಮಲ್ಪೆಯ ಹೋಮ್‌ಸ್ಟೇ, ಕಂಕನಾಡಿಯ ಕ್ಲಿನಿಕ್, ಊರಿನ ಕ್ರೆಡಿಟ್ ಸೊಸೈಟಿ, ಯಕ್ಷಗಾನ ಮೇಳ, ಹೀಗೆ. "ಕಣ್ಣು ಕಾಣದವರು, ಕಿವಿ ಕೇಳದವರು, ಮೌಸ್ ಹಿಡಿಯಲು ಆಗದವರು ಕೂಡ ಬಳಸುವ ಹಾಗೆ ಮಾಡಿ ಕೊಡಿ" ಎಂದು ನಾಲ್ಕು ಕಡೆ ಕೊಟೇಶನ್ ಕೇಳಿ ನೋಡಿ. ನಾಲ್ಕು ಬಗೆಯ ಉತ್ತರ ಬರುತ್ತದೆ. ಒಬ್ಬರು "ಒಂದು ವಿಜೆಟ್ (ಪುಟದ ಮೂಲೆಯಲ್ಲಿ ಕೂರುವ ಸಹಾಯದ ಬಟನ್) ಹಾಕಿದರೆ ಐದು ನಿಮಿಷದ ಕೆಲಸ" ಅನ್ನುತ್ತಾರೆ. ಇನ್ನೊಬ್ಬರು ಇರುವ ಸೈಟನ್ನೇ ರಿಪೇರಿ ಮಾಡುತ್ತೇನೆ ಅನ್ನುತ್ತಾರೆ. ಮೂರನೆಯವರಿಗೆ ಎಲ್ಲ ಕಿತ್ತು ಹಾಕಿ ಹೊಸದೇ ಕಟ್ಟಬೇಕು. ನಾಲ್ಕನೆಯವರು "ಅಂಥವರಿಗೆ ಅಂತ ಬೇರೆ ಒಂದು ಪೇಜ್ ಮಾಡೋಣ" ಎಂಬ ಉಪಾಯ ಕೊಡುತ್ತಾರೆ.

ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನವರಿಗೆ ಬೇಕಾದದ್ದು ರಿಪೇರಿ. ಅದೂ ಇಡೀ ಸೈಟನ್ನು ಒಂದೇ ಸಲ ರಿಪೇರಿ ಮಾಡಬೇಕಿಲ್ಲ. ಜನ ಯಾವ ಕೆಲಸಕ್ಕೆ ನಿಮ್ಮ ಸೈಟಿಗೆ ಬರುತ್ತಾರೋ, ಆ ಕೆಲಸ ಶುರುವಿಂದ ಕೊನೆವರೆಗೆ ಸಾಗುವ ದಾರಿಯನ್ನು ಮೊದಲು ಸರಿಮಾಡಿ. ಹೋಮ್‌ಸ್ಟೇಗೆ ಅದು ರೂಮ್ ಬುಕಿಂಗ್. ಸೊಸೈಟಿಗೆ ಬಡ್ಡಿದರ ಮತ್ತು ಅರ್ಜಿ ಫಾರ್ಮ್. ಮೇಳಕ್ಕೆ "ಇವತ್ತು ಆಟ ಎಲ್ಲಿ" ಎಂಬ ಒಂದೇ ಪ್ರಶ್ನೆ. "ನಮ್ಮ ಬಗ್ಗೆ" ಪುಟ, ಅಧ್ಯಕ್ಷರ ಸಂದೇಶ ಎಲ್ಲ ಆಮೇಲೆ ನೋಡಿದರಾಯಿತು.

ಕಾನೂನಿನ ಮಾತು ಬೇಗ ಮುಗಿಸೋಣ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಜಾರಿಗೆ ಬಂದದ್ದು 2017ರ ಏಪ್ರಿಲ್‌ನಲ್ಲಿ. ಅದು ಸರ್ಕಾರಿ ಕಚೇರಿಗೆ ಮಾತ್ರ ಅಲ್ಲ, ಜನರಿಗೆ ಸೇವೆ ಕೊಡುವ ಖಾಸಗಿಯವರಿಗೂ ಅನ್ವಯಿಸುತ್ತದೆ. ವೆಬ್‌ಸೈಟ್, ಆ್ಯಪ್‌ಗಳಿಗೆ ಐಎಸ್ 17802 ಎಂಬ ಭಾರತೀಯ ಮಾನಕವೂ ಇದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಡಿಜಿಟಲ್ ಸೇವೆ ಎಟುಕುವುದು ಬದುಕುವ ಹಕ್ಕಿನ ಭಾಗವೇ ಎಂದಿತು. ಬ್ಯಾಂಕಿನ ಕೆವೈಸಿಗೆ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿ ಎಂದರೆ, ಆ್ಯಸಿಡ್ ದಾಳಿಯಲ್ಲಿ ಕಣ್ಣು ಕಳೆದುಕೊಂಡವರು ಏನು ಮಾಡಬೇಕು? ಆ ಕೇಸಿನ ಮೂಲ ಪ್ರಶ್ನೆ ಅದು. ತಾಂತ್ರಿಕವಾಗಿ ಎಲ್ಲರೂ ನೋಡುವ ಅಳತೆಗೋಲು ಡಬ್ಲ್ಯುಸಿಎಜಿ, ಅಂದರೆ ವೆಬ್‌ಸೈಟ್ ಎಲ್ಲರಿಗೂ ಎಟುಕುವ ಹಾಗೆ ಮಾಡುವ ಅಂತರರಾಷ್ಟ್ರೀಯ ಮಾರ್ಗಸೂಚಿ. ಅದರ 2.2 ಆವೃತ್ತಿ 2023ರ ಅಕ್ಟೋಬರ್‌ನಲ್ಲಿ ಬಂದಿದೆ. ಕೊಟೇಶನ್‌ನಲ್ಲಿ "ಡಬ್ಲ್ಯುಸಿಎಜಿ 2.2, ಎಎ ಹಂತ" ಎಂದು ಬರೆಸಿಕೊಂಡರೆ ಸಾಕು; ಎ, ಎಎ, ಎಎಎ ಎಂಬ ಮೂರು ಹಂತಗಳಲ್ಲಿ ಅದು ನಡುವಿನದು.

ಕೊಟೇಶನ್ ಕೇಳುವ ಮೊದಲು

ಯಾವ ದಾರಿ ನಿಮ್ಮದು ಎಂಬುದು ಸೈಟಿನ ಸ್ಥಿತಿ ನೋಡಿ ತೀರ್ಮಾನ ಆಗಬೇಕು. ಅದನ್ನು ನೀವೇ ನೋಡಬಹುದು, ಕೋಡಿಂಗ್ ಬರಬೇಕಿಲ್ಲ.

ಮೊದಲು ಮೌಸ್ ಬದಿಗಿಟ್ಟು ಟ್ಯಾಬ್ ಕೀ ಒತ್ತುತ್ತಾ ಹೋಗಿ. ಒತ್ತಿದಂತೆಲ್ಲ ಒಂದು ಚೌಕಟ್ಟು ಲಿಂಕಿಂದ ಲಿಂಕಿಗೆ ಹಾರಬೇಕು. ಚೌಕಟ್ಟೇ ಕಾಣದಿದ್ದರೆ "ಚಂದ ಕಾಣಲ್ಲ" ಎಂದು ಯಾರೋ ಅದನ್ನು ಅಡಗಿಸಿದ್ದಾರೆ ಎಂದರ್ಥ. ಕೈ ನಡುಗುವವರು, ಮೌಸ್ ಬಳಸದವರು ಅಲ್ಲೇ ದಾರಿ ತಪ್ಪುತ್ತಾರೆ. ಮೆನು ತೆರೆಯದಿದ್ದರೆ, ಪಾಪ್‌ಅಪ್ ಒಳಗೆ ಹೋಗಿ ಹೊರಗೆ ಬರಲು ಆಗದಿದ್ದರೆ ಅದನ್ನೂ ಬರೆದಿಟ್ಟುಕೊಳ್ಳಿ.

ಆಮೇಲೆ ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಟಾಕ್‌ಬ್ಯಾಕ್ ಆನ್ ಮಾಡಿ. ಇದು ಪರದೆ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್. ಆಫ್ ಮಾಡುವುದು ಹೇಗೆಂದು ಮೊದಲೇ ತಿಳಿದುಕೊಂಡಿರಿ, ಇಲ್ಲದಿದ್ದರೆ ಪೇಚಾಟ. ಒಂದು ಸಲ ಮುಟ್ಟಿದರೆ ಓದುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ. ಕಂಪ್ಯೂಟರಿಗಾದರೆ ಎನ್‌ವಿಡಿಎ ಇದೆ, ಪೂರ್ತಿ ಉಚಿತ. ಅದರಲ್ಲಿರುವ ಇಸ್ಪೀಕ್ ದನಿ ಕನ್ನಡವನ್ನೂ ಓದುತ್ತದೆ. ಕೇಳಲು ಸ್ವಲ್ಪ ಯಂತ್ರದ ಹಾಗಿದೆ, ಆದರೆ ಅರ್ಥವಾಗುತ್ತದೆ.

ಮೂರನೆಯದು ನಮ್ಮ ಕನ್ನಡ ಸೈಟುಗಳಿಗೆ ತೀರಾ ಮುಖ್ಯ. ಸೈಟಿನಿಂದ ಒಂದು ಕನ್ನಡ ವಾಕ್ಯ ಕಾಪಿ ಮಾಡಿ ವಾಟ್ಸಾಪ್‌ಗೆ ಪೇಸ್ಟ್ ಮಾಡಿ. ಕನ್ನಡವಾಗಿಯೇ ಬಂದರೆ ಒಳ್ಳೆಯದು. ಇಂಗ್ಲಿಷ್ ಅಕ್ಷರಗಳ ಮೇಲೆ ಕೊಂಬು, ಚುಕ್ಕಿ ಇರುವ ಕಲಸುಮೇಲೋಗರ ಬಂದರೆ ಅದು ಯೂನಿಕೋಡ್ (ಎಲ್ಲ ಫೋನ್, ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲ, ಹಳೆಯ ನುಡಿ ಅಥವಾ ಬರಹ ಫಾಂಟ್. ಕಣ್ಣಿಗೆ ಕನ್ನಡ ಕಾಣುತ್ತದೆ, ಸ್ಕ್ರೀನ್ ರೀಡರಿಗೆ ಮಾತ್ರ ಅದು ಗೊಬ್ಬರ. ಕಾಪಿಯೇ ಆಗದಿದ್ದರೆ ಅದು ಚಿತ್ರ. ಸ್ಕ್ರೀನ್ ರೀಡರ್ ಬಳಸುವವರಿಗೆ ಅಲ್ಲಿ ಸಿಗುವುದು ಮೌನ, ಇಲ್ಲವೇ ಫೈಲಿನ ಹೆಸರು.

ವಿಜೆಟ್: ಅಗ್ಗ, ಬೇಗ, ಮತ್ತು ಬೇಡ

ಪುಟದ ಮೂಲೆಯಲ್ಲಿ ಗಾಲಿಕುರ್ಚಿಯದ್ದೋ, ಕೈ ಚಾಚಿದ ಮನುಷ್ಯನದ್ದೋ ಗುರುತಿರುವ ದುಂಡಗಿನ ಬಟನ್ ನೋಡಿರುತ್ತೀರಿ. ಒತ್ತಿದರೆ ಅಕ್ಷರ ದೊಡ್ಡದು, ಬಣ್ಣ ಉಲ್ಟಾ, ಓದಿ ಹೇಳುವ ದನಿ, ಹೀಗೆ ಒಂದು ಪಟ್ಟಿ ತೆರೆದುಕೊಳ್ಳುತ್ತದೆ. ಮಾರುವವರು ಹೇಳುವ ಮಾತು ತುಂಬಾ ಆಕರ್ಷಕ. ಒಂದು ಸಾಲು ಕೋಡ್ ಹಾಕಿ, ವರ್ಷಕ್ಕಿಷ್ಟು ಕಟ್ಟಿ, ಕಾನೂನೂ ಮುಗಿಯಿತು, ಪುಣ್ಯವೂ ಬಂತು.

ಸ್ವಲ್ಪ ಯೋಚಿಸಿ. ಕಣ್ಣು ಕಾಣದವರು ನಿಮ್ಮ ಸೈಟಿಗೆ ಬರುವ ಮೊದಲೇ ಅವರ ಫೋನಿನಲ್ಲಿ ಸ್ಕ್ರೀನ್ ರೀಡರ್ ಓಡುತ್ತಿರುತ್ತದೆ. ಇಲ್ಲದಿದ್ದರೆ ಅವರು ನಿಮ್ಮ ಸೈಟಿನವರೆಗೆ ಬರುವುದಾದರೂ ಹೇಗೆ? ಅವರಿಗೆ ನಿಮ್ಮ ಇನ್ನೊಂದು ದನಿ ಬೇಕಿಲ್ಲ. ಎರಡೂ ಒಟ್ಟಿಗೆ ಮಾತಾಡಿದರೆ ಸುಮ್ನೆ ಗಲಾಟೆ. ಅಕ್ಷರ ದೊಡ್ಡದು ಮಾಡುವ ಸೌಲಭ್ಯ ಬ್ರೌಸರಿನಲ್ಲೇ ಇದೆ. ನಿಜವಾದ ತೊಂದರೆ ಬೇರೆ ಕಡೆ ಇದೆ. ಫಾರ್ಮಿನ ಯಾವ ಖಾನೆ ಯಾವುದಕ್ಕೆ, ಚಿತ್ರದಲ್ಲಿ ಏನು ಬರೆದಿದೆ, ಕ್ಯಾಲೆಂಡರಿನಲ್ಲಿ ಶನಿವಾರವನ್ನು ಒತ್ತುವುದು ಹೇಗೆ, ಇವಕ್ಕೆ ವಿಜೆಟ್ ಹೆಚ್ಚೆಂದರೆ ಒಂದು ಅಂದಾಜು ಕಟ್ಟುತ್ತದೆ. ಗೋಡೆಯ ಬಿರುಕಿನ ಮೇಲೆ ಕ್ಯಾಲೆಂಡರ್ ತೂಗುಹಾಕಿದ ಹಾಗೆ.

ಇದು ನನ್ನೊಬ್ಬನ ಹಟ ಅಲ್ಲ. ಯಾವ ಸೈಟನ್ನಾದರೂ ತನ್ನ ಎಐ ವಿಜೆಟ್ ಡಬ್ಲ್ಯುಸಿಎಜಿಗೆ ಸರಿಹೊಂದಿಸುತ್ತದೆ ಎಂದು ಹೇಳಿಕೊಂಡಿದ್ದ ಆಕ್ಸೆಸಿಬಿ ಎಂಬ ಕಂಪನಿ 10 ಲಕ್ಷ ಡಾಲರ್ ಕಟ್ಟಬೇಕೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರಲ್ಲಿ ಆದೇಶಿಸಿತು. ಆ ಮಾತಿಗೆ ಆಧಾರ ಇರಲಿಲ್ಲ ಎಂಬುದೇ ಆರೋಪ.

ಈಗಾಗಲೇ ವಿಜೆಟ್ ಹಾಕಿಸಿಕೊಂಡಿದ್ದರೆ ಗಾಬರಿ ಬೇಡ. ಮುಂದಿನ ವರ್ಷ ರಿನ್ಯೂ ಮಾಡಬೇಡಿ, ಆ ದುಡ್ಡನ್ನು ರಿಪೇರಿಗೆ ಇಡಿ.

ಬೇರೆ ಪುಟ ಎಂಬ ಉಪಾಯ

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. "ಪಠ್ಯ ಮಾತ್ರ" ಎಂಬ ಪುಟ ಮಾಡಿದ ದಿನ ಚೆನ್ನಾಗಿರುತ್ತದೆ. ಮೂರು ತಿಂಗಳಾದ ಮೇಲೆ ಮುಖ್ಯ ಸೈಟಿನಲ್ಲಿ ಠೇವಣಿ ಬಡ್ಡಿ ಬದಲಾಗುತ್ತದೆ, ಆ ಪುಟದಲ್ಲಿ ಹಳೆಯದೇ ಉಳಿಯುತ್ತದೆ. ಎರಡು ಕಡೆ ತಿದ್ದುವ ಶಿಸ್ತು ದೊಡ್ಡ ಕಂಪನಿಗಳಿಗೇ ಇಲ್ಲ. ಮುಂಬಾಗಿಲು ಬಿಟ್ಟು ಹಿತ್ತಲಿಂದ ಬನ್ನಿ ಎಂದರೆ ಯಾರಿಗೂ ಹಿಡಿಸುವುದಿಲ್ಲ, ಅಲ್ವಾ?

ರಿಪೇರಿ ಎಂದರೆ ಏನೇನು

ಈ ಭಾಗದ ಹೋಮ್‌ಸ್ಟೇ ಸೈಟುಗಳಲ್ಲಿ ಸಾಮಾನ್ಯವಾಗಿ ಕಾಣುವ ಬುಕಿಂಗ್ ಫಾರ್ಮ್ ತೆಗೆದುಕೊಳ್ಳಿ. ಹೆಸರು, ಫೋನ್, ಬರುವ ದಿನ, ಹೋಗುವ ದಿನ, ಎಷ್ಟು ಜನ, ಕೆಳಗೊಂದು ಬಟನ್. ಕಣ್ಣಿಗೆ ಎಲ್ಲ ಸರಿಯಾಗಿದೆ. ಈಗ ಎನ್‌ವಿಡಿಎ ಹಾಕಿ ಟ್ಯಾಬ್ ಒತ್ತುತ್ತಾ ಬನ್ನಿ. "ಎಡಿಟ್, ಬ್ಲ್ಯಾಂಕ್." ಮತ್ತೆ ಟ್ಯಾಬ್. "ಎಡಿಟ್, ಬ್ಲ್ಯಾಂಕ್." ಮತ್ತೆ ಅದೇ. ಖಾನೆಯ ಪಕ್ಕದಲ್ಲಿ "ಹೆಸರು" ಎಂದು ಬರೆದಿದೆ ನಿಜ, ಆದರೆ ಆ ಬರಹಕ್ಕೂ ಖಾನೆಗೂ ಕೋಡಿನಲ್ಲಿ ಗಂಟು ಹಾಕಿಲ್ಲ. ಕೇಳುವವರಿಗೆ ಮೂರು ಖಾಲಿ ಖಾನೆ ಸಿಕ್ಕಿವೆ, ಯಾವುದರಲ್ಲಿ ಏನು ತುಂಬಬೇಕೋ ಗೊತ್ತಿಲ್ಲ. ದಿನ ಆರಿಸುವಲ್ಲಿ ಚಂದದ ಕ್ಯಾಲೆಂಡರ್ ತೆರೆಯುತ್ತದೆ, ಅದು ಮೌಸಿಗೆ ಮಾತ್ರ ಬಗ್ಗುತ್ತದೆ. ಕೊನೆಯ ಬಟನ್‌ನಲ್ಲಿ ಬರಹದ ಬದಲು ಬಾಣದ ಚಿತ್ರ ಇದೆ. "ಬಟನ್" ಎಂದಷ್ಟೇ ಹೇಳುತ್ತದೆ. ಏನಾದರೂ ತಪ್ಪಾದರೆ ಖಾನೆ ಕೆಂಪಾಗುತ್ತದೆ. ಕೆಂಪಾದದ್ದು ಕಾಣದವರಿಗೆ ತಪ್ಪಾದದ್ದೂ ಗೊತ್ತಾಗುವುದಿಲ್ಲ.

ಇದರ ರಿಪೇರಿ ದೊಡ್ಡ ಕೆಲಸವೇ ಅಲ್ಲ. ಪ್ರತಿ ಖಾನೆಗೂ ಲೇಬಲ್ ಜೋಡಿಸಬೇಕು. ಆ ಕ್ಯಾಲೆಂಡರ್ ತೆಗೆದು ಬ್ರೌಸರಿನ ಸಾದಾ ದಿನಾಂಕದ ಖಾನೆ ಇಡಬೇಕು, ಅಥವಾ ಕೈಯಲ್ಲಿ ಟೈಪ್ ಮಾಡಲು ಬಿಡಬೇಕು. ಬಟನ್ ಮೇಲೆ "ರೂಮ್ ಬುಕ್ ಮಾಡಿ" ಎಂದು ಅಕ್ಷರದಲ್ಲೇ ಬರೆಯಬೇಕು. ತಪ್ಪಾದರೆ "ಫೋನ್ ನಂಬರಿಗೆ 10 ಅಂಕಿ ಬೇಕು" ಎಂದು ಮಾತಿನಲ್ಲಿ ಹೇಳಬೇಕು. ಕ್ಯಾಪ್ಚಾ (ಬಳಸುವವರು ಯಂತ್ರ ಅಲ್ಲ, ಮನುಷ್ಯರೇ ಎಂದು ನೋಡುವ ಪರೀಕ್ಷೆ) ಇದ್ದರೆ, ವಕ್ರ ಅಕ್ಷರದ ಚಿತ್ರ ಮಾತ್ರ ಇರುವಂಥದ್ದು ಬೇಡ. ಕೋಡ್ ಬಲ್ಲವರಿಗೆ ಇದು ಗಂಟೆಗಳ ಲೆಕ್ಕದ ಕೆಲಸ, ತಿಂಗಳದ್ದಲ್ಲ.

ಒಂದು ತೊಡಕು ಮಾತ್ರ ಇದೆ. ಬುಕಿಂಗ್ ಭಾಗ ಬೇರೆ ಕಂಪನಿಯದಾಗಿದ್ದು ನಿಮ್ಮ ಪುಟದೊಳಗೆ ಕೂತಿದ್ದರೆ ಅದನ್ನು ನೀವು ಮುಟ್ಟಲಾಗುವುದಿಲ್ಲ. ಆಗ ಹೋಲಿಸಬೇಕಾದದ್ದು ಬೇರೆ: ಆ ಬುಕಿಂಗ್ ಎಂಜಿನ್ ಉಳಿಸಿಕೊಳ್ಳುವುದೋ, ಗೂಗಲ್ ಫಾರ್ಮ್ ಸಾಕೋ, ವಾಟ್ಸಾಪ್ ನಂಬರ್ ಸಾಕೋ? ನಾಲ್ಕೈದು ರೂಮಿನ ಹೋಮ್‌ಸ್ಟೇಗೆ ನನ್ನ ಮಟ್ಟಿಗೆ ವಾಟ್ಸಾಪ್ ಲಿಂಕ್ ಮತ್ತು ಫೋನ್ ನಂಬರ್, ಎರಡೂ ಅಕ್ಷರದಲ್ಲಿ, ಪುಟದ ಮೇಲ್ಭಾಗದಲ್ಲಿ ಇದ್ದರೆ ಯಾವ ಎಂಜಿನ್ನಿಗಿಂತಲೂ ವಾಸಿ. ಫೋನ್ ಒಂದೇ ಇಟ್ಟರೆ ಕಿವಿ ಕೇಳದವರು ಹೊರಗುಳಿಯುತ್ತಾರೆ, ಅದಕ್ಕೇ ಎರಡೂ ಬೇಕು. ಸೊಸೈಟಿ, ಆಸ್ಪತ್ರೆಗೆ ಇಷ್ಟು ಸಾಲದು, ಅವರು ಎಂಜಿನ್ ಕಂಪನಿಯನ್ನೇ ಲಿಖಿತವಾಗಿ ಕೇಳಬೇಕು.

ಕೆಲಸ ಮುಗಿಯುವ ದಾರಿ ಸರಿಯಾದ ಮೇಲೆ ಬಣ್ಣಕ್ಕೆ ಬನ್ನಿ. ಅಕ್ಷರಕ್ಕೂ ಹಿನ್ನೆಲೆಗೂ ಇರುವ ಕಾಂಟ್ರಾಸ್ಟ್ (ಹೊಳಪಿನ ಅಂತರ) ಸಾಮಾನ್ಯ ಗಾತ್ರದ ಬರಹಕ್ಕೆ ಕನಿಷ್ಠ 4.5ಕ್ಕೆ 1 ಇರಬೇಕು, ದೊಡ್ಡ ಅಕ್ಷರಕ್ಕೆ 3ಕ್ಕೆ 1. ನಮ್ಮಲ್ಲಿ ದೇವಸ್ಥಾನ, ಮಠ, ಸಂಘಗಳ ಸೈಟಿಗೆ ಕೇಸರಿ ಎಂದರೆ ಪ್ರೀತಿ. ರಾಷ್ಟ್ರಧ್ವಜದ ಕೇಸರಿಯ ಮೇಲೆ ಬಿಳಿ ಅಕ್ಷರ ಬರೆದರೆ ಸಿಗುವುದು ಬರೀ 2.1. ಅದೇ ಕೇಸರಿಯ ಮೇಲೆ ಕಪ್ಪು ಬರೆದರೆ ಹತ್ತಿರ ಹತ್ತಿರ 10. ಬಣ್ಣ ಬಿಡಬೇಕಿಲ್ಲ, ಅಕ್ಷರ ಬದಲಿಸಿದರೆ ಆಯಿತು. ರಾಜ್ಯೋತ್ಸವದ ಅರಿಶಿನ ಕುಂಕುಮ ಕೂಡ ಹೀಗೇ. ಅಚ್ಚ ಕೆಂಪಿನ ಮೇಲೆ ಅಚ್ಚ ಹಳದಿ 3.7ರ ಸುಮಾರು, ತಲೆಬರಹಕ್ಕೆ ನಡೆಯುತ್ತದೆ, ಸಣ್ಣ ಬರಹಕ್ಕೆ ಇಲ್ಲ. ಮಲ್ಪೆ ಬೀಚಿನ ಬಿಸಿಲಲ್ಲಿ ನಿಂತು ಸೇಂಟ್ ಮೇರೀಸ್ ದ್ವೀಪದ ಬೋಟಿನ ಸಮಯ ಹುಡುಕುವವರಿಗೂ ಇದರಿಂದ ಉಪಕಾರವೇ.

ಕನ್ನಡಕ್ಕೇ ಸೇರಿದ ಕೆಲವು ರಿಪೇರಿಗಳು ಹೊರಗಿನ ಮಾರ್ಗದರ್ಶಿಗಳಲ್ಲಿ ಅಷ್ಟಾಗಿ ಸಿಗುವುದಿಲ್ಲ. ಪುಟದ ಕೋಡಿನ ಮೊದಲ ಸಾಲುಗಳಲ್ಲಿ ಭಾಷೆ ಯಾವುದು ಎಂದು ಹೇಳುವ ಜಾಗ ಇದೆ. ಇಂಗ್ಲಿಷ್ ಥೀಮ್ (ಸೈಟಿನ ಸಿದ್ಧ ವಿನ್ಯಾಸ) ತಂದು ಕನ್ನಡ ತುಂಬಿದವರು ಅಲ್ಲಿ ಇಂಗ್ಲಿಷಿನ "ಇಎನ್" ಅನ್ನು ಹಾಗೇ ಬಿಟ್ಟಿರುತ್ತಾರೆ. ಆಗ ಸ್ಕ್ರೀನ್ ರೀಡರ್ ಇಂಗ್ಲಿಷ್ ದನಿಯಲ್ಲಿ ಕನ್ನಡ ಓದಲು ಹೋಗಿ ತಡವರಿಸಬಹುದು, ಅಥವಾ ಬಿಟ್ಟೇಬಿಡಬಹುದು. ಅದನ್ನು "ಕೆಎನ್" ಮಾಡುವುದು ಒಂದು ಪದದ ತಿದ್ದುಪಡಿ. ಇನ್ನು ಒತ್ತಕ್ಷರ. ಇಂಗ್ಲಿಷ್ ಅಳತೆಗೆ ಮಾಡಿದ ಬಟನ್ ಒಳಗೆ "ಸ್ತ್ರೀರೋಗ ತಜ್ಞರು" ಎಂದು ಬರೆದರೆ ಕೆಳಗಿನ ಒತ್ತು ಅರ್ಧಕ್ಕೆ ಕತ್ತರಿಸಿ ಹೋಗುತ್ತದೆ. ಮಂದ ದೃಷ್ಟಿಯವರು ಅಕ್ಷರವನ್ನು ಎರಡು ಪಟ್ಟು ದೊಡ್ಡದು ಮಾಡಿದಾಗ ಇನ್ನೂ ಕೆಡುತ್ತದೆ. ಎತ್ತರವನ್ನು ಕಟ್ಟಿಹಾಕಬೇಡಿ, ಸಾಲಿನ ನಡುವೆ ಒಂದೂವರೆ ಪಟ್ಟು ಜಾಗ ಬಿಡಿ.

ತುಳುವಿನ ವಿಷಯ ಸ್ವಲ್ಪ ಬೇರೆ. ತುಳು ಲಿಪಿ 2024ರ ಸೆಪ್ಟೆಂಬರ್‌ನಲ್ಲಿ ಯೂನಿಕೋಡ್ 16ಕ್ಕೆ ಸೇರಿದ್ದು ಸಂತೋಷದ ವಿಷಯ. ಆದರೆ ಜನರ ಫೋನಿಗೆ ಫಾಂಟ್ ಮತ್ತು ಓದುವ ದನಿ ಬರುವವರೆಗೆ ತುಳು ಬರಹವನ್ನು ಕನ್ನಡ ಲಿಪಿಯಲ್ಲೇ ಇಡಿ. ಕನ್ನಡ ದನಿ ಅದನ್ನು ಓದಿದರೆ ಉಚ್ಚಾರ ಅಲ್ಲಲ್ಲಿ ಎಡವುತ್ತದೆ, ಕೇಳುವ ತುಳುವರಿಗೆ ಅರ್ಥ ಆಗುತ್ತದೆ.

ಚಿತ್ರದ ವಿಷಯಕ್ಕೆ ಯಕ್ಷಗಾನ ಮೇಳಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ದೀಪಾವಳಿ ಕಳೆದು ತಿರುಗಾಟ ಶುರುವಾದರೆ ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆವರೆಗೆ ದಿನಾ ಒಂದು ಕಾರ್ಡ್. ಪ್ರಸಂಗ, ಜಾಗ, ಸಮಯ, ಸೇವಾದಾರರ ಹೆಸರು, ಎಲ್ಲ ಬಣ್ಣದ ಚಿತ್ರದೊಳಗೆ. ಆಟ ಎಂದರೆ ಭಾಗವತಿಕೆ, ಚೆಂಡೆ, ಅರ್ಥಗಾರಿಕೆ. ಕಣ್ಣು ಕಾಣದಿದ್ದರೂ ರಾತ್ರಿಯಿಡೀ ಕೂತು ಸವಿಯಬಹುದಾದ ಕಲೆ. ಅಂಥ ಅಭಿಮಾನಿಗೆ ಇವತ್ತು ಆಟ ಎಲ್ಲಿ ಎಂದು ಗೊತ್ತಾಗಲು ಮನೆಯವರು ಕಾರ್ಡ್ ಓದಿ ಹೇಳಬೇಕು. ಕಾರ್ಡ್ ಬೇಡ ಎಂದು ಯಾರೂ ಹೇಳುತ್ತಿಲ್ಲ. ಅದರ ಕೆಳಗೆ ಅದೇ ನಾಲ್ಕು ಸಾಲು ಟೈಪ್ ಮಾಡಿ ಹಾಕಿ. ಡಿಸೈನರಿಗೆ ಕಳಿಸಿದ ವಾಟ್ಸಾಪ್ ಮೆಸೇಜಿನಲ್ಲಿ ಆ ಸಾಲುಗಳು ಹೇಗೂ ಇರುತ್ತವೆ. ವಿಡಿಯೋ ಹಾಕುವವರು ಕ್ಯಾಪ್ಷನ್ ಕೊಡಬೇಕು. ಯಂತ್ರ ಕೊಟ್ಟ ಕ್ಯಾಪ್ಷನ್ ಒಮ್ಮೆ ಕೂತು ತಿದ್ದದಿದ್ದರೆ ಕರಾವಳಿ ಕನ್ನಡ ಅದರಲ್ಲಿ ನಗೆಪಾಟಲಾಗುತ್ತದೆ.

ಹೊಸ ಸೈಟ್ ಯಾವಾಗ

ಕಾಪಿ-ಪೇಸ್ಟ್ ಪರೀಕ್ಷೆಯಲ್ಲಿ ಸೈಟ್ ತುಂಬಾ ಹಳೆ ಫಾಂಟ್ ಸಿಕ್ಕರೆ, ಪುಟಗಳೆಲ್ಲ ಚಿತ್ರಗಳೇ ಆಗಿದ್ದರೆ, ಮೆನುವೇ ಕೀಬೋರ್ಡಿಗೆ ಬಗ್ಗದಿದ್ದರೆ ಹೊಸದೇ ಲೇಸು. ಮೊಬೈಲಿಗೆ ಹೊಂದದ ಸೈಟನ್ನು ಹೇಗೂ ಬದಲಿಸುವವರಿದ್ದರೆ ಆಗಲೇ ಇದನ್ನೂ ಸೇರಿಸಿಕೊಳ್ಳಿ. ಬೇರೆಲ್ಲ ಕಡೆ ಹೊಸ ಸೈಟ್ ಎಂಬುದು ಹಳೆ ತಪ್ಪನ್ನು ಹೊಸ ಬಣ್ಣದಲ್ಲಿ ಮತ್ತೆ ಕೊಳ್ಳುವ ಅಪಾಯ. ಸ್ಲೈಡರ್, ಹಾರಾಡುವ ಅಕ್ಷರ ಎಲ್ಲ ಹೊಸ ಸೈಟಿನ ಜತೆಗೇ ಬರುತ್ತವೆ.

ವರ್ಡ್‌ಪ್ರೆಸ್ ಬಳಸುವವರಾದರೆ ಥೀಮ್ ಹುಡುಕುವಾಗ "ಆಕ್ಸೆಸಿಬಿಲಿಟಿ ರೆಡಿ" ಎಂಬ ಟ್ಯಾಗ್ ಹಾಕಿ ಸೋಸಿ. ಅದು ಗ್ಯಾರಂಟಿ ಅಲ್ಲ, ಒಳ್ಳೆ ಆರಂಭ. ಪಿಡಿಎಫ್ ಫಾರ್ಮುಗಳನ್ನು ಹಳೆ ಸೈಟಿಂದ ಹಾಗೇ ಎತ್ತಿ ತರಬೇಡಿ. ಸೊಸೈಟಿಗಳ ಸಾಲದ ಅರ್ಜಿ ನುಡಿಯಲ್ಲಿ ಟೈಪ್ ಮಾಡಿ, ಪ್ರಿಂಟ್ ತೆಗೆದು, ಸ್ಕ್ಯಾನ್ ಮಾಡಿ ಹಾಕಿದ್ದಾಗಿದ್ದರೆ ಅದನ್ನು ಯೂನಿಕೋಡ್‌ಗೆ ತಂದು ವೆಬ್ ಫಾರ್ಮ್ ಮಾಡಿಸಿ. ಕೆನರಾ ಬ್ಯಾಂಕ್, ಕರ್ನಾಟಕ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್ ಹುಟ್ಟಿದ ಕರಾವಳಿ ನಮ್ಮದು. ಇಲ್ಲಿನ ಸೊಸೈಟಿಗಳು ಅಷ್ಟಾದರೂ ಮಾಡಬೇಡವೇ?

ಕೊನೆಯ ಕಂತಿನ ದುಡ್ಡು ಕೈಯಲ್ಲಿಟ್ಟುಕೊಳ್ಳಿ. ಸೈಟ್ ಮಾಡಿದವರು ನಿಮ್ಮೆದುರು ಕೂತು, ಮೌಸ್ ಮುಟ್ಟದೆ, ಆ ಮುಖ್ಯ ಕೆಲಸವನ್ನು ಮುಗಿಸಿ ತೋರಿಸಿದ ಮೇಲೆ ಕೊಡಿ.

ಪರೀಕ್ಷೆ: ಯಂತ್ರವೋ, ಮನುಷ್ಯರೋ

ಕ್ರೋಮ್ ಬ್ರೌಸರಿನ ಲೈಟ್‌ಹೌಸ್, ವೇವ್, ಆ್ಯಕ್ಸ್, ಇವೆಲ್ಲ ಸೈಟಿನ ತಪ್ಪು ಹುಡುಕುವ ಟೂಲ್‌ಗಳು, ಉಚಿತವಾಗಿ ಸಿಗುತ್ತವೆ. ಕಾಂಟ್ರಾಸ್ಟ್ ಕಡಿಮೆ ಇರುವುದು, ಲೇಬಲ್ ಇಲ್ಲದ್ದು, ಚಿತ್ರಕ್ಕೆ ವಿವರಣೆ ಇಲ್ಲದ್ದು, ಇವನ್ನು ಕ್ಷಣದಲ್ಲಿ ಹಿಡಿದುಕೊಡುತ್ತವೆ. ಆದರೆ ಕಾರ್ಡ್ ಚಿತ್ರಕ್ಕೆ ವಿವರಣೆಯಾಗಿ "ಚಿತ್ರ 1" ಎಂದು ಬರೆದರೂ ಯಂತ್ರಕ್ಕೆ ತೃಪ್ತಿ. ಬ್ರಿಟನ್ ಸರ್ಕಾರದ ಡಿಜಿಟಲ್ ತಂಡ 2017ರಲ್ಲಿ ಬೇಕೆಂದೇ ತಪ್ಪುಗಳನ್ನು ತುಂಬಿದ ಪುಟ ಮಾಡಿ ಇಂಥ ಟೂಲ್‌ಗಳ ಮುಂದಿಟ್ಟಿತು. ಅತಿ ಚೆನ್ನಾಗಿ ಕೆಲಸ ಮಾಡಿದ ಟೂಲ್ ಹಿಡಿದದ್ದು ಸುಮಾರು 40 ಶೇಕಡಾ. ಹಾಗಾಗಿ "ಲೈಟ್‌ಹೌಸ್‌ನಲ್ಲಿ 100 ಬಂದಿದೆ ಸಾರ್" ಎಂದು ಸ್ಕ್ರೀನ್‌ಶಾಟ್ ಕಳಿಸಿದರೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ.

ಯಂತ್ರದಿಂದ ಶುರುಮಾಡಿ, ಟ್ಯಾಬ್ ಕೀಯಿಂದ ಮುಂದುವರಿಸಿ, ಕೊನೆಗೆ ದಿನಾ ಸ್ಕ್ರೀನ್ ರೀಡರ್ ಬಳಸುವ ಒಬ್ಬರನ್ನಾದರೂ ಕೇಳಿ. ಮಂದ ದೃಷ್ಟಿಯ ಒಬ್ಬರು, ಕಿವಿ ಕೇಳದ ಒಬ್ಬರು ಸಿಕ್ಕರೆ ಇನ್ನೂ ಒಳ್ಳೆಯದು. ಬಿಟ್ಟಿ ಕೇಳಬೇಡಿ, ಇದು ತಜ್ಞರ ಕೆಲಸ, ಗಂಟೆಗಿಷ್ಟು ಎಂದು ಮೊದಲೇ ಮಾತಾಡಿ ಕೊಡಿ. "ಸೈಟ್ ಹೇಗಿದೆ" ಎಂದು ಕೇಳಿದರೆ ಮರ್ಯಾದೆಗೆ ಚೆನ್ನಾಗಿದೆ ಅನ್ನುತ್ತಾರೆ. "ಬರುವ ಶನಿವಾರಕ್ಕೆ ಇಬ್ಬರಿಗೆ ಒಂದು ರೂಮ್ ಬುಕ್ ಮಾಡಿ" ಎಂದು ಕೆಲಸ ಕೊಡಿ. ಅವರದೇ ಫೋನ್, ಅವರದೇ ವೇಗ. ಪಕ್ಕದಲ್ಲಿ ಕೂತು ಬಟನ್ ಎಲ್ಲಿದೆ ಎಂದು ಹೇಳಿಕೊಡಬೇಡಿ. ಅವರು ಎಲ್ಲಿ ನಿಂತರು, ಎಲ್ಲಿ ಹಿಂದೆ ಹೋದರು ಎಂದು ಬರೆದುಕೊಳ್ಳಿ. ಆ ಹಾಳೆಯನ್ನೇ ಸೈಟ್ ನೋಡಿಕೊಳ್ಳುವವರಿಗೆ ಕೊಡಿ, ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ರಿನ್ಯೂ ಮಾಡುವಾಗ ಅದರಲ್ಲಿರುವ ಕೆಲಸಗಳನ್ನು ಒಪ್ಪಂದಕ್ಕೆ ಸೇರಿಸಿ.